1985ರ ಎಫ್-150, 4.9 ಲೀಟರ್ ಸಿಕ್ಸ್: ಮೈಕ್ರೋಸ್ಕ್ವರ್ಟ್ ಹಾಕಿದ ಮೇಲೆ 3,000 ಆರ್‌ಪಿಎಂಗೆ ಮಿಸ್ ಹೊಡೀತಿದೆ

ಹಳೇಟ್ರಕ್_85:
ಕಾರ್ಬುರೇಟರ್ ತೆಗೆದು, ಇದೇ ಎಂಜಿನ್ನಿನ ನಂತರದ ಇಂಜೆಕ್ಷನ್ ಮಾದರಿಯ ಇನ್‌ಟೇಕ್ ಮ್ಯಾನಿಫೋಲ್ಡ್ ಕೂರಿಸಿದೆ. ಇಸಿಯು (ಪೆಟ್ರೋಲ್, ಕಿಡಿ ಎರಡನ್ನೂ ನಿಯಂತ್ರಿಸುವ ಕಂಪ್ಯೂಟರ್) ಮೈಕ್ರೋಸ್ಕ್ವರ್ಟ್ ವಿ3. ಕ್ರ್ಯಾಂಕ್ ಪುಲ್ಲಿಗೆ 36-1 ಹಲ್ಲಿನ ಚಕ್ರ (36ರ ಜಾಗದಲ್ಲಿ ಒಂದು ಹಲ್ಲು ಇಲ್ಲ), ಆ ಹಲ್ಲುಗಳನ್ನು ಓದುವುದಕ್ಕೆ ವಿಆರ್ ಅನ್ನೋ ಮ್ಯಾಗ್ನೆಟ್ ಸೆನ್ಸರ್. ಕಿಡಿ ಹಂಚುವುದಕ್ಕೆ ಹಳೇ ಡಿಸ್ಟ್ರಿಬ್ಯೂಟರ್. ಆರು ಇಂಜೆಕ್ಟರ್, ತಲಾ ಗಂಟೆಗೆ 19 ಪೌಂಡ್, 14.5 ಓಮ್, ಚಾನೆಲ್‌ಗೆ ಮೂರು. ರೈಲ್ ಒತ್ತಡ 3 ಬಾರ್.

ಐಡಲ್ ಚೆನ್ನಾಗಿದೆ. ಆದರೆ ಸೆಲ್ಫ್ ಹೊಡೆದಾಗ ಕೆಲವೊಮ್ಮೆ ಇಸಿಯು ರಿಸೆಟ್ ಆಗುತ್ತೆ. 3,000 ದಾಟಿದರೆ ಮಿಸ್. ಬಿಸಿ ಗಾಡಿ ಕಾಲು ಗಂಟೆ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಒಂದು ನಿಮಿಷ ತಡವರಿಸುತ್ತೆ, ವೈಡ್‌ಬ್ಯಾಂಡ್ (ಎಕ್ಸಾಸ್ಟಿನ ಆಕ್ಸಿಜನ್ ಸೆನ್ಸರ್) ಗಾಳಿ-ಪೆಟ್ರೋಲ್ ಅನುಪಾತ 16.5 ತೋರಿಸುತ್ತೆ, ಅಂದರೆ ಪೆಟ್ರೋಲ್ ಕಡಿಮೆ. ಎಲ್ಲಿಂದ ಶುರು ಮಾಡಲಿ?

ತಂತಿಜಾಡು:
ಕರೆಂಟಿನಿಂದ ಶುರು ಮಾಡಿ. ಅದು ಸರಿಯಿಲ್ಲದೆ ಇಸಿಯುವಿನ ಮ್ಯಾಪ್ (ಪೆಟ್ರೋಲ್, ಟೈಮಿಂಗ್ ಟೇಬಲ್ಲುಗಳು) ಮುಟ್ಟಿದರೆ ಶ್ರಮವೆಲ್ಲ ವ್ಯರ್ಥ.

ಇಸಿಯುಗೆ 12 ವೋಲ್ಟ್ ಎಲ್ಲಿಂದ ತೆಗೆದಿದ್ದೀರಿ? ಆ ಕಾಲದ ಫೋರ್ಡ್‌ಗಳಲ್ಲಿ ಕಾಯಿಲ್‌ಗೆ ಹೋಗುವ ವೈರ್ ರೆಸಿಸ್ಟೆನ್ಸ್ ವೈರ್ ಆಗಿರಬಹುದು. ಅಲ್ಲಿಂದ ತೆಗೆದರೆ ಪೂರ್ತಿ ವೋಲ್ಟೇಜ್ ಸಿಗಲ್ಲ. ಆಕ್ಸೆಸರಿ ಲೈನ್ ಆಗಿದ್ದರೆ ಸೆಲ್ಫ್ ಹೊಡೆಯುವಾಗ ಅದು ಪೂರ್ತಿ ಸತ್ತುಹೋಗುತ್ತೆ. ಕೀ 'ರನ್' ಮತ್ತು 'ಸ್ಟಾರ್ಟ್' ಎರಡರಲ್ಲೂ ಜೀವಂತ ಇರುವ ವೈರನ್ನು ಹುಡುಕಿ, ಅದರಿಂದ ಬರೀ ರಿಲೇ ಎತ್ತಿಸಿ. ನಿಜವಾದ ಸಪ್ಲೈ ಫ್ಯೂಸ್ ಮೂಲಕ ನೇರ ಬ್ಯಾಟರಿಯಿಂದ ಬರಲಿ. ಪೆಟ್ರೋಲ್ ಪಂಪಿಗೆ ಬೇರೆ ರಿಲೇ.

ಇಸಿಯುವಿನ ಅರ್ತ್ ವೈರುಗಳೆಲ್ಲ ಎಂಜಿನ್ ಮೇಲೆ ಒಂದೇ ಬೋಲ್ಟಿಗೆ, ಬಣ್ಣ ಕೆರೆದು. ಸೆನ್ಸರ್‌ಗಳ ಅರ್ತ್ ಮಾತ್ರ ಗಾಡಿಯ ಲೋಹದ ಮೈಗೆ ಕೊಡಬೇಡಿ, ಇಸಿಯುವಿನ ಸೆನ್ಸರ್ ರಿಟರ್ನ್ ಪಿನ್ನಿಗೇ ವಾಪಸ್ ಹೋಗಬೇಕು. ಸೆಲ್ಫ್ ಹೊಡೆಯುತ್ತಾ ಎಂಜಿನ್ ಬ್ಲಾಕ್ ಮತ್ತು ಬ್ಯಾಟರಿ ನೆಗೆಟಿವ್ ನಡುವೆ ಮೀಟರ್ ಇಡಿ. 0.2 ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ತ್ ಕೇಬಲ್ ಬದಲಿಸಿ.

ಹಲ್ಲುಎಣಿಕೆ:
3,000ದ ಮಿಸ್‌ಗೆ ಮೊದಲು ಟ್ಯೂನರ್‌ಸ್ಟುಡಿಯೋದಲ್ಲಿ (ಇಸಿಯು ಟ್ಯೂನ್ ಮಾಡುವ ಸಾಫ್ಟ್‌ವೇರ್) ಸಿಂಕ್ ಲಾಸ್ ಕೌಂಟರ್, ಅಂದರೆ ಇಸಿಯುಗೆ ಹಲ್ಲಿನ ಎಣಿಕೆ ಎಷ್ಟು ಸಲ ತಪ್ಪಿತು ಅನ್ನುವ ಲೆಕ್ಕ, ನೋಡಿ. ಮಿಸ್ ಹೊಡೆದಾಗಲೆಲ್ಲ ಅದು ಏರುತ್ತಿದ್ದರೆ ತಪ್ಪು ವಿಆರ್ ಕಡೆ. ಏರದಿದ್ದರೆ ಡಿಸ್ಟ್ರಿಬ್ಯೂಟರ್ ಅಥವಾ ಕಾಯಿಲ್ ಕಡೆ.

ವಿಆರ್ ಆದರೆ ಎರಡು ವೈರ್ ಅದಲುಬದಲಾಗಿರುವುದೇ ಹೆಚ್ಚು. ಸರಿಯಾದ ದಿಕ್ಕಿನಲ್ಲಿ ಸಿಗ್ನಲ್ ಸೊನ್ನೆ ದಾಟುವುದು ಹಲ್ಲಿನ ನಡುಮಧ್ಯ, ಚೂಪಾಗಿ. ಉಲ್ಟಾ ಆದರೆ ಹಲ್ಲುಗಳ ಮಧ್ಯದ ಸಂದಿಯಲ್ಲಿ ದಾಟುತ್ತೆ. ಹಲ್ಲಿಲ್ಲದ ಜಾಗ ಅಗಲ, ಅಲ್ಲಿ ಗೆರೆ ನಿಧಾನವಾಗಿ ಇಳಿಯುವುದರಿಂದ ಎಣಿಕೆ ಜಾರುತ್ತೆ. ಐಡಲ್‌ನಲ್ಲಿ ಹೇಗೋ ನಡೆಯುತ್ತೆ, ವೇಗ ಏರಿದಾಗ ಸಿಂಕ್ ಕಳಚುತ್ತೆ. ಟೂತ್ ಲಾಗರ್‌ನಲ್ಲಿ 34 ಸಮ ಕಂಬ, ಒಂದು ಮಾತ್ರ ದುಪ್ಪಟ್ಟು ಎತ್ತರ ಕಾಣಬೇಕು. ಉದ್ದ ಕಂಬಗಳು ಎರಡು ಕಂಡರೆ ವೈರ್ ತಿರುಗಿಸಿ. ಗ್ಯಾಪ್ 0.75ರಿಂದ 1 ಮಿ.ಮೀ. ಶೀಲ್ಡ್ ಅರ್ತ್ ಇಸಿಯು ತುದಿಯಲ್ಲಿ ಮಾತ್ರ. ರೆಸಿಸ್ಟರ್ ಇಲ್ಲದ ಸ್ಪಾರ್ಕ್ ಪ್ಲಗ್ ಇದ್ದರೆ ಬದಲಿಸಿ.

ಇನ್ನೊಂದು, ಡಿಸ್ಟ್ರಿಬ್ಯೂಟರ್ ಒಳಗಿನ ತೂಕ ಮತ್ತು ವ್ಯಾಕ್ಯೂಮ್ ಅಡ್ವಾನ್ಸ್ ಎರಡನ್ನೂ ಲಾಕ್ ಮಾಡಿದ್ದೀರಾ? ಈಗ ಅಡ್ವಾನ್ಸ್ (ಕಿಡಿಯನ್ನು ಮುಂಚಿತವಾಗಿ ಹೊಡೆಸುವುದು) ಕೊಡುವುದು ಇಸಿಯು. ನಿಮ್ಮ ಟೇಬಲ್ 10ರಿಂದ 35 ಡಿಗ್ರಿ ಇದ್ದರೆ, ಒಂದನೇ ಸಿಲಿಂಡರಿನ ಕಂಪ್ರೆಷನ್‌ನಲ್ಲಿ ಟಿಡಿಸಿಗೆ (ಪಿಸ್ಟನ್ ಪೂರ್ತಿ ಮೇಲಿರುವ ಬಿಂದು) 22 ಡಿಗ್ರಿ ಮುಂಚೆ ಕ್ರ್ಯಾಂಕ್ ನಿಲ್ಲಿಸಿ. ರೋಟರ್ ತುದಿ ಒಂದನೇ ಟರ್ಮಿನಲ್‌ಗೆ ನೇರ ಎದುರಿಗಿರಬೇಕು. ಓರೆಯಾದರೆ ಕಿಡಿ ಪಕ್ಕದ ಟರ್ಮಿನಲ್‌ಗೆ ಹಾರುತ್ತೆ.

ಹಳೇಟ್ರಕ್_85:
ವಿಆರ್ ವೈರ್ ಉಲ್ಟಾ ಇತ್ತು, ತಿರುಗಿಸಿದೆ. 4,000ವರೆಗೂ ಸಿಂಕ್ ಲಾಸ್ ಸೊನ್ನೆ. ಸಪ್ಲೈ ಆಕ್ಸೆಸರಿಯಿಂದಲೇ ಬರುತ್ತಿತ್ತು. ರಿಲೇ ಹಾಕಿದ ಮೇಲೆ ರಿಸೆಟ್ ನಿಂತಿದೆ. ಬಿಸಿ ಸ್ಟಾರ್ಟ್ ಮಾತ್ರ ಹಾಗೇ ಉಳಿದಿದೆ.

ಹಲ್ಲುಎಣಿಕೆ:
ಪೋಲಾರಿಟಿ ತಿರುಗಿಸಿದರೆ ಟೈಮಿಂಗ್ ಕೂಡ ಸರಿಯುತ್ತೆ, ಹಾಗೇ ಲೋಡ್ ಹಾಕಿ ಓಡಿಸಬೇಡಿ. ಸಾಫ್ಟ್‌ವೇರ್‌ನಲ್ಲಿ ಟೈಮಿಂಗ್ 10 ಡಿಗ್ರಿಗೆ ಫಿಕ್ಸ್ ಮಾಡಿ, ಟೈಮಿಂಗ್ ಲೈಟ್ ಹಿಡಿದು, ಪುಲ್ಲಿ ಮೇಲೂ 10 ಕಾಣುವ ತನಕ ಮೊದಲ ಹಲ್ಲಿನ ಕೋನ ತಿದ್ದಿ. ಹಳೇ ಡ್ಯಾಂಪರ್‌ನ (ಟೈಮಿಂಗ್ ಗುರುತಿರುವ ಕ್ರ್ಯಾಂಕ್ ಪುಲ್ಲಿ) ಹೊರ ಉಂಗುರ ರಬ್ಬರ್ ಮೇಲೆ ಜಾರಿರುವ ಸಾಧ್ಯತೆ ಇದೆ. ಪಿಸ್ಟನ್ ಸ್ಟಾಪ್ (ಪ್ಲಗ್ ತೂತಿನಿಂದ ಪಿಸ್ಟನ್ ತಡೆಯುವ ಸಾಧನ) ಹಾಕಿ ಟಿಡಿಸಿ ಗುರುತನ್ನು ಮೊದಲು ಖಚಿತ ಮಾಡಿಕೊಳ್ಳಿ.

ತಂತಿಜಾಡು:
ಬಿಸಿ ಸ್ಟಾರ್ಟ್‌ಗೆ: ಗಾಳಿಯ ತಾಪಮಾನದ ಸೆನ್ಸರ್ ಮ್ಯಾನಿಫೋಲ್ಡ್ ಲೋಹದಲ್ಲೇ ಕೂತಿದೆಯಾ? ನಿಂತ ಗಾಡಿಯಲ್ಲಿ ಲೋಹ ಕಾದು ಸೆನ್ಸರೂ ಕಾಯುತ್ತೆ. ಒಳಗೆ ಬರುವ ಗಾಳಿ ತಂಪಾಗಿದ್ದರೂ ಇಸಿಯು ಅದನ್ನು ಬಿಸಿ, ತೆಳು ಗಾಳಿ ಅಂತ ಲೆಕ್ಕ ಹಾಕಿ ಪೆಟ್ರೋಲ್ ಕಡಿಮೆ ಮಾಡುತ್ತೆ. ನಿಮ್ಮ 16.5ಕ್ಕೆ ಇದೇ ಕಾರಣ ಅನ್ನಿಸುತ್ತೆ. ಥ್ರಾಟಲ್‌ಗೆ ಮುಂಚಿನ ಪೈಪಿಗೆ ಸೆನ್ಸರ್ ಸರಿಸಿ. ವಿಇ ಟೇಬಲ್ (ಪೆಟ್ರೋಲ್ ಪ್ರಮಾಣದ ಮೂಲ ಲೆಕ್ಕ) ಮುಟ್ಟಬೇಡಿ, ಅದನ್ನು ಏರಿಸಿದರೆ ಉಳಿದ ಹೊತ್ತೆಲ್ಲ ರಿಚ್ (ಪೆಟ್ರೋಲ್ ಜಾಸ್ತಿ) ಓಡುತ್ತೆ.

ಮ್ಯಾನಿಫೋಲ್ಡ್ ಜೊತೆ ಬಂದ ಫೋರ್ಡ್ ಸೆನ್ಸರನ್ನೇ ಬಳಸಿದ್ದರೆ ಕ್ಯಾಲಿಬ್ರೇಷನ್ ಬದಲಿಸಲೇಬೇಕು. ಅದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 37,000 ಓಮ್, 100ರಲ್ಲಿ ಸುಮಾರು 2,000. ಇಸಿಯುವಿನ ಡಿಫಾಲ್ಟ್ ಜಿಎಂ ಸೆನ್ಸರಿಗೆ: 30 ಡಿಗ್ರಿಗೆ 2,238 ಓಮ್.