ವಿಶೇಷ ಅಗತ್ಯದ ಮಕ್ಕಳ ಓದಿಗೆ ತೆರಿಗೆ ದುಡ್ಡು ಹಾಕಬೇಕಾ?

ಸೋಮವಾರಪೇಟೆ_ಬೆಳೆಗಾರ:
ಗ್ರಾಮಸಭೆಯಲ್ಲಿ ಎದ್ದ ಮಾತಿದು. ಶಾಲೆಯಲ್ಲಿರೋದೇ 20 ಮಕ್ಕಳು. ಒಂದಿಬ್ಬರಿಗಾಗಿ ಪ್ರತ್ಯೇಕ ಟೀಚರ್, ರ್‍ಯಾಂಪು, ಸಲಕರಣೆ ಅಂತ ತೆರಿಗೆದಾರರ ದುಡ್ಡು ಸುರಿಯೋದು ಸರಿಯಾ? ದಾನಿಗಳು, ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಯ) ನಿಧಿ ನೋಡಿಕೊಳ್ಳಲಿ ಅನ್ನೋರು ಜಾಸ್ತಿ. ಲೆಕ್ಕ, ಕಾನೂನು ಗೊತ್ತಿದ್ದವರು ಹೇಳಿ.

ಲೆಕ್ಕದ_ಪುಸ್ತಕ:
ಸುರಿಯೋವಷ್ಟು ಎಲ್ಲಿದೆ ಸ್ವಾಮಿ? ಸರ್ಕಾರದ ‘ಸಮಗ್ರ ಶಿಕ್ಷಣ’ ಯೋಜನೆಯಲ್ಲಿ ಇಂಥ ಒಂದು ಮಗುವಿಗೆ ವರ್ಷಕ್ಕೆ ಹೆಚ್ಚೆಂದರೆ 3,500 ರೂಪಾಯಿ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200ರಂತೆ 10 ತಿಂಗಳು ಶಿಷ್ಯವೇತನ. ಕೇಂದ್ರದ್ದು ಶೇ. 60, ರಾಜ್ಯದ್ದು ಶೇ. 40.

ಕಾನೂನಿನ ಪ್ರಶ್ನೆ ಇತ್ಯರ್ಥವಾಗಿ ವರ್ಷಗಳಾದವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಕಲಂ 31ರಂತೆ ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆರಿಸಿಕೊಳ್ಳೋದು ಮನೆಯವರು. ದಾನಿ ಮುಂದಿನ ವರ್ಷ ಕೈಯೆತ್ತಿದರೆ ಕೇಳೋರಿಲ್ಲ, ಹಕ್ಕಿನ ವಿಷಯ ಹಾಗಲ್ಲ.

ಅಂದಹಾಗೆ, ತೆರಿಗೆದಾರ ಅಂದರೆ ಯಾರು? ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು ಮಾಡೋದು) ಮಾಡದ ಕಾಫಿ ಮಾರಿದ ಬೆಳೆಗಾರನಿಗೆ ಅದರ ಮೇಲೆ ಆದಾಯ ತೆರಿಗೆಯಿಲ್ಲ. ತಾನೇ ಕ್ಯೂರಿಂಗ್ ಮಾಡಿ ಮಾರಿದರೂ ಆದಾಯ ತೆರಿಗೆ ನಿಯಮದಂತೆ ಲಾಭದ ಶೇ. 25 ಮಾತ್ರ ತೆರಿಗೆಗೆ ಬರುತ್ತೆ. ಲೈನ್ ಮನೆಯ ತೋಟದ ಕೂಲಿಯವರು ಅಂಗಡಿಯಲ್ಲಿ ಬಿಸ್ಕತ್ತು ಕೊಂಡಾಗೆಲ್ಲ ಜಿಎಸ್‌ಟಿ ಕಟ್ಟುತ್ತಾರೆ.

ಮಳೆಗಾಲ_ರಿಪೇರಿ:
ದುಡ್ಡು ಕೊಡಬೇಕು, ಒಪ್ಪಿದೆ. ಆದರೆ ಹಾಕೋ ರೀತಿ ನೋಡಿ. ರ್‍ಯಾಂಪಿನ ಇಳಿಜಾರು 1:12 ಇರಬೇಕು. ಅಂದರೆ ಜಗಲಿ 45 ಸೆಂ.ಮೀ. ಎತ್ತರವಿದ್ದರೆ ರ್‍ಯಾಂಪು 5.4 ಮೀಟರ್ ಉದ್ದ. ಜಾಗವಿಲ್ಲ ಅಂತ ಎರಡೇ ಮೀಟರಿಗೆ ಮುಗಿಸಿ, ಮೇಲೆ ನುಣ್ಣಗೆ ಸಿಮೆಂಟ್ ಬಳಿದರೆ ಜುಲೈ ಹೊತ್ತಿಗೆ ಪಾಚಿ ಕಟ್ಟಿ ಜಾರುಬಂಡೆಯಾಗುತ್ತೆ. ಅಡ್ಡಗೀರು ಎಳೆದ ಒರಟು ಮೇಲ್ಮೈ, ಕೈಹಿಡಿ, ಮೇಲೊಂದು ಶೀಟು ಇಲ್ಲದಿದ್ದರೆ ನಮ್ಮ ಮಳೆಗೆ ಅದು ಬರೀ ಫೋಟೋಗೆ.

ಶ್ರವಣಯಂತ್ರದ್ದೂ ಇದೇ ಕಥೆ. ಶಿಬಿರದಲ್ಲಿ ಯಂತ್ರ ಸಿಗುತ್ತೆ, ಆಮೇಲೆ ನೋಡಿಕೊಳ್ಳೋರಿಲ್ಲ. ಥಂಡಿಗೆ ನಳಿಕೆಯಲ್ಲಿ ನೀರು ಕೂತು ಶಬ್ದ ನಿಲ್ಲುತ್ತೆ. ರಾತ್ರಿ ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಬೇಕು. ಮಗು ಬೆಳೆದಂತೆ ಕಿವಿಯಚ್ಚು (ಯಂತ್ರದ, ಕಿವಿಯೊಳಗೆ ಕೂರೋ ಭಾಗ) ಸಡಿಲವಾಗಿ ಯಂತ್ರ ಕುಯ್ಯೋ ಅನ್ನುತ್ತೆ, ಮಗು ಕಿತ್ತಿಡುತ್ತೆ. ಹೊಸ ಅಚ್ಚಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗಬೇಕು ಅಂದರೆ ಕೂಲಿಯವರಿಗೆ ಒಂದು ದಿನದ ಸಂಬಳ ಹೋಯ್ತು, ಬಸ್ ಚಾರ್ಜು ಬೇರೆ.

ಬ್ಲಾಕ್_ಸಂಪನ್ಮೂಲ:
ದೊಡ್ಡ ತೊಡಕು ಜನದ್ದು. 2021ರ ಸುಪ್ರೀಂ ಕೋರ್ಟ್ ತೀರ್ಪಿನ ಲೆಕ್ಕದಲ್ಲಿ ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬ. ಪಟ್ಟಣಕ್ಕೆ ಹೊಂದೋ ಲೆಕ್ಕ ಅದು. ಇಲ್ಲಿ ಆ 10 ಮಕ್ಕಳು 10 ಶಾಲೆಗಳಲ್ಲಿ, ನಡುವೆ ತೋಟ, ಕಾಡು, ದಿನಕ್ಕೆರಡು ಬಸ್ಸು. ಶಾಲೆಯಿಂದ ಶಾಲೆಗೆ ಹೋಗಿ ಕಲಿಸೋ ಬಿಐಇಆರ್‌ಟಿ (ಬ್ಲಾಕ್ ಮಟ್ಟದ ವಿಶೇಷ ಶಿಕ್ಷಣ) ಟೀಚರಿಗೆ ಪ್ರಯಾಣಭತ್ಯೆ ಸರಿಯಾಗಿ ಕೊಡದೆ ಅನುಪಾತ ಪಾಲಿಸಿದೆವು ಅಂದರೆ ಕಾಗದದ ಮೇಲಷ್ಟೇ.

ಯುಡಿಐಡಿ (ಅಂಗವಿಕಲರ ಗುರುತಿನ ಕಾರ್ಡ್) ಅರ್ಜಿ ಆನ್‌ಲೈನಲ್ಲೇ ಹಾಕಬಹುದು. ಕೆಡೋದು ಸಣ್ಣ ವಿಷಯಕ್ಕೆ: ಆಧಾರ್ ಕಾರ್ಡಲ್ಲೊಂದು ಹೆಸರು, ಶಾಲಾ ದಾಖಲಾತಿಯಲ್ಲೊಂದು. ಕಾರ್ಡ್ ಬಂದ ಮೇಲೂ ಮುಖ್ಯಶಿಕ್ಷಕರು ಸ್ಯಾಟ್ಸ್‌ನಲ್ಲಿ (ಶಾಲಾ ಮಕ್ಕಳ ಆನ್‌ಲೈನ್ ದಾಖಲೆ) ವೈಕಲ್ಯ ನಮೂದಿಸದಿದ್ದರೆ ಮುಂದಿನ ವರ್ಷದ ಬೇಡಿಕೆ ಪಟ್ಟಿಯಲ್ಲಿ ಮಗು ಇರೋದೇ ಇಲ್ಲ. ಕಲಿಕಾ ನ್ಯೂನತೆಗೆ (ಓದು, ಬರಹ, ಲೆಕ್ಕದಲ್ಲಿ ಮಾತ್ರ ತೊಡಕು) 8 ವರ್ಷ ತುಂಬಿದ ಮೇಲಷ್ಟೇ ಪ್ರಮಾಣಪತ್ರ. 14ಕ್ಕೆ, 18ಕ್ಕೆ ಮತ್ತೆ ಪರೀಕ್ಷೆ.

ಇನ್ನೊಂದು ಎಚ್ಚರ. ಆದಿವಾಸಿ ಹಾಡಿಯ ಮಗುವಿನ ಮನೆಮಾತು ಯರವ, ಲೈನ್ ಮನೆಯದು ಅಸ್ಸಾಮಿಯೋ ಬಂಗಾಳಿಯೋ ಇರಬಹುದು. ಕನ್ನಡದಲ್ಲಿ ಪ್ರಶ್ನೆ ಕೇಳಿ, ಉತ್ತರ ಬರಲಿಲ್ಲ ಅಂತ ಬುದ್ಧಿಮಾಂದ್ಯ ಅಂತ ಬರೆದುಬಿಡಬಾರದು. ಮೊದಲು ಕಿವಿ, ಆಮೇಲೆ ಕಣ್ಣು ಪರೀಕ್ಷಿಸಿ. ಬುದ್ಧಿಮಟ್ಟದ ಪರೀಕ್ಷೆ ಕೊನೆಗೆ, ಅದೂ ಮನೆಮಾತು ಬಲ್ಲವರನ್ನು ಜೊತೆಗಿಟ್ಟುಕೊಂಡು.

ಸೋಮವಾರಪೇಟೆ_ಬೆಳೆಗಾರ:
ಹಾಗಾದರೆ ಎಲ್ಲರನ್ನೂ ಒಂದೇ ವಸತಿ ಶಾಲೆಗೆ ಸೇರಿಸಿದರೆ ಅಗ್ಗ ಅಲ್ವಾ?

ಬ್ಲಾಕ್_ಸಂಪನ್ಮೂಲ:
ಅಗ್ಗ ಅಲ್ಲ. ಊಟ, ರಾತ್ರಿ ಪಾಳಿಯ ಆಯಾ, ವಾರ್ಡನ್ ಎಲ್ಲ ಸೇರುತ್ತೆ. ತೀವ್ರ ಬೌದ್ಧಿಕ ವೈಕಲ್ಯವಿದ್ದವರಿಗೆ ಸುಂಟಿಕೊಪ್ಪದ ‘ಸ್ವಸ್ಥ’ದಂಥ ವಿಶೇಷ ಶಾಲೆ ಬೇಕೇ ಬೇಕು. ಆದರೆ ಕಿವಿಯಚ್ಚು ಬದಲಿಸಿ ಮುಂದಿನ ಬೆಂಚಲ್ಲಿ ಕೂರಿಸಿದರೆ ಸಾಕಾಗೋ ಆರು ವರ್ಷದ ಮಗುವನ್ನ ಹಾಸ್ಟೆಲಿಗೆ ಯಾಕೆ ಕಳಿಸ್ತೀರಿ?