ನನ್ನ ರಕ್ತದಲ್ಲಿ ಫೀಟಲ್ ಹಿಮೋಗ್ಲೋಬಿನ್ 24%. ಮಗುವಿನ ರಕ್ತ ಸೇರುತ್ತಿದೆಯಾ?

ಹಾಸನದಾಕೆ: ನನಗೀಗ ಐದು ತಿಂಗಳು, ಚೊಚ್ಚಲು. ತಲಸ್ಸೇಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ವಂಶದಿಂದ ಬರುವ ಕಾಯಿಲೆ) ಇದೆಯಾ ನೋಡೋಣ ಅಂತ ಹಿಮೋಗ್ಲೋಬಿನ್ ಬಗೆಗಳನ್ನು ಅಳೆಯುವ ಎಚ್‌ಪಿಎಲ್‌ಸಿ ಮಾಡಿಸಿದರು. ಎಚ್‌ಬಿಎಫ್ (ಅದೇ ಫೀಟಲ್) 24.1, ಎ2 ಅನ್ನುವ ಬಗೆ 1.8, ಹಿಮೋಗ್ಲೋಬಿನ್ 12.2, ರಕ್ತಕಣದ ಗಾತ್ರ ತೋರಿಸುವ ಎಂಸಿವಿ 83. ಎಫ್ ಅಂದರೆ ಹೊಟ್ಟೆಯೊಳಗಿನ ಮಗುವಿನದು ಅಂತ ಓದಿದಾಗಿನಿಂದ ನಿದ್ದೆಯಿಲ್ಲ. ಮಗುವಿನ ರಕ್ತ ಸೋರಿ ನನಗೆ ಬರುತ್ತಿದೆಯಾ? ಡಾಕ್ಟರ ಹತ್ತಿರ ಹೋಗುವುದು ಸೋಮವಾರ. ನನಗೆ ಸುಸ್ತೂ ಇಲ್ಲ, ಏನೂ ಇಲ್ಲ.

ಲ್ಯಾಬ್‌ನವನು: ಅಕ್ಕಾ, ಹದಿನೆಂಟು ವರ್ಷದಿಂದ ಇದೇ ಕೆಲಸ ನನ್ನದು. ಮೊದಲು ಆ ಭಯ ಬಿಡಿ. ನಿಮ್ಮ ಮೈಯಲ್ಲಿ ಹತ್ತಿರ ಹತ್ತಿರ ಐದು ಲೀಟರ್ ರಕ್ತ ಇದೆ. ಅದರ ಕಾಲು ಭಾಗ ಮಗುವಿನದಾಗಬೇಕಾದರೆ ಲೀಟರಿಗಿಂತ ಜಾಸ್ತಿ ಬರಬೇಕು. ಐದು ತಿಂಗಳ ಮಗುವಿನಲ್ಲಿ ಇರುವುದೇ ಕೆಲವು ಚಮಚ.

ಸ್ಲೈಡಿನಲ್ಲೂ ಗೊತ್ತಾಗುತ್ತದೆ. ರಕ್ತ ಸವರಿದ ಸ್ಲೈಡನ್ನು ಆಸಿಡ್ ದ್ರಾವಣದಲ್ಲಿ ಅದ್ದಿ ಬಣ್ಣ ಹಾಕುತ್ತೇವೆ. ದೊಡ್ಡವರ ಹಿಮೋಗ್ಲೋಬಿನ್ ತೊಳೆದುಹೋಗಿ ಕಣ ಬರೀ ಸಿಪ್ಪೆಯಂತೆ ಕಾಣುತ್ತದೆ. ಎಫ್ ಇರುವ ಕಣ ಗುಲಾಬಿಯಾಗೇ ಉಳಿಯುತ್ತದೆ. ಮಗುವಿನ ರಕ್ತ ಸೇರಿದ್ದರೆ ಸಿಪ್ಪೆಗಳ ನಡುವೆ ಅಲ್ಲೊಂದು ಇಲ್ಲೊಂದು ದಟ್ಟ ಗುಲಾಬಿ ಕಣ. ಹುಟ್ಟಿನಿಂದಲೇ ಎಫ್ ಉಳಿದುಕೊಂಡವರಲ್ಲಿ ಹೆಚ್ಚುಕಮ್ಮಿ ಎಲ್ಲ ಕಣವೂ ತಿಳಿ ಗುಲಾಬಿ. ನಿಮ್ಮದು ಎರಡನೆಯದು, ಅಂದರೆ ಎಚ್‌ಪಿಎಫ್‌ಎಚ್, ಅನ್ನಿಸುತ್ತದೆ.

11ನೇ ಕ್ರೋಮೋಸೋಮಿನಲ್ಲಿ ಗಾಮಾ, ಡೆಲ್ಟಾ, ಬೀಟಾ ಜೀನ್‌ಗಳು ಸಾಲಾಗಿವೆ. ಗಾಮಾದಿಂದ ಎಫ್, ಬೀಟಾದಿಂದ ದೊಡ್ಡವರ ಹಿಮೋಗ್ಲೋಬಿನ್. ಹುಟ್ಟಿದ ಮೇಲೆ ಗಾಮಾ ನಿಧಾನಕ್ಕೆ ಸುಮ್ಮನಾಗುತ್ತದೆ. ಕೆಲವು ಮನೆತನಗಳಲ್ಲಿ ಒಂದು ಕ್ರೋಮೋಸೋಮಿನ ಡೆಲ್ಟಾ, ಬೀಟಾ ಎರಡೂ ಕಳಚಿಹೋಗಿರುತ್ತವೆ. ಅಲ್ಲಿ ಗಾಮಾ ಸುಮ್ಮನಾಗುವುದೇ ಇಲ್ಲ. ಅಂಥವರಲ್ಲಿ ಎಫ್ 15ರಿಂದ 30% ಇರುತ್ತದೆ, ಆರೋಗ್ಯ ಚೆನ್ನಾಗೇ ಇರುತ್ತದೆ. ಡೆಲ್ಟಾ-ಬೀಟಾ ತಲಸ್ಸೇಮಿಯಾದಲ್ಲೂ ಎಫ್ ಏರುತ್ತದೆ, ಆದರೆ ಕಣ ಸಣ್ಣದಾಗುತ್ತದೆ. ನಿಮ್ಮ ಎಂಸಿವಿ 83, ಅಂದರೆ ಕಣ ಸಣ್ಣದಾಗಿಲ್ಲ, ಅದೇ ಧೈರ್ಯ. ಜೀನ್ ಟೆಸ್ಟ್ ಆದರೆ ಖಚಿತ. ಯಜಮಾನರ ಎಚ್‌ಪಿಎಲ್‌ಸಿ ತಪ್ಪದೆ ಮಾಡಿಸಿ. ಅಪ್ಪ ಅಮ್ಮನದೂ ಆದರೆ ಒಳ್ಳೆಯದು.

ತುಮಕೂರಿನ ಅಪ್ಪ: ನನ್ನ ಮಗಳಿಗೆ ತಲಸ್ಸೇಮಿಯಾ ಮೇಜರ್, ಬೀಟಾ ಜೀನ್ ಎರಡೂ ಕೆಟ್ಟಿವೆ. ಒಂಬತ್ತು ವರ್ಷ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತೇವೆ. ಆರು ತಿಂಗಳವರೆಗೆ ಗುಂಡುಗುಂಡಾಗಿ ಚೆನ್ನಾಗಿದ್ದಳು. ಆಮೇಲೆ ಬಿಳಿಚಿಕೊಳ್ಳುತ್ತಾ ಬಂದಳು. ಅಷ್ಟು ದಿನ ಅವಳನ್ನು ಕಾಪಾಡಿದ್ದು ಇದೇ ಎಫ್ ಅಂತ ಗೊತ್ತಾದ ದಿನ ಅತ್ತಿದ್ದೆ.

ಗಾಮಾವನ್ನು ಸುಮ್ಮನಾಗಿಸುವುದರಲ್ಲಿ ಬಿಸಿಎಲ್11ಎ ಅನ್ನುವ ಜೀನಿನದು ದೊಡ್ಡ ಪಾತ್ರ. ಅದನ್ನು 2008ರಲ್ಲಿ ಬಾಸ್ಟನ್ನಿನ ಸ್ಟುವರ್ಟ್ ಆರ್ಕಿನ್, ವಿಜಯ್ ಶಂಕರನ್ ತಂಡ ತೋರಿಸಿತು. 2023ರಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟ ಕ್ಯಾಸ್ಜೆವಿ ಚಿಕಿತ್ಸೆ ಇದರ ಮೇಲೇ ನಿಂತಿದೆ. ರೋಗಿಯ ಮೂಲಕೋಶಗಳನ್ನು ಹೊರತೆಗೆದು, ಬಿಸಿಎಲ್11ಎ ರಕ್ತಕಣಗಳಲ್ಲಿ ಕೆಲಸ ಮಾಡದಂತೆ ಜೀನ್ ಕತ್ತರಿಸುವ ಸಾಧನ ಕ್ರಿಸ್ಪರ್‌ನಿಂದ ತಿದ್ದಿ, ವಾಪಸ್ ಹಾಕುತ್ತಾರೆ. ಅದರ ಖರ್ಚು ನಮ್ಮ ಕೈಗೆ ಎಟುಕುವುದಿಲ್ಲ. ತಂಗಿ, ಅಷ್ಟೆಲ್ಲ ಕಷ್ಟಪಟ್ಟು ತರಿಸಬೇಕಾದ ಎಫ್ ನಿಮಗೆ ತಾನಾಗಿ ಬಂದಿದೆ. ಹೆದರಬೇಡಿ.

ಹಾಸನದಾಕೆ: ಎಲ್ಲ ರಿಪೋರ್ಟ್ ಬಂತು. ಯಜಮಾನರದು ನಾರ್ಮಲ್. ಅಮ್ಮನಿಗೆ 61, ಅವರ ಎಫ್ 22.8! ಮೂರು ಹೆತ್ತವರು, ಈಗಲೂ ನಾಲ್ಕು ಹಸುವಿನ ಹಾಲು ಅವರೇ ಕರೆಯುತ್ತಾರೆ. ಜೀನ್ ಟೆಸ್ಟಿಗೂ ಕಳಿಸಿದ್ದೇವೆ. ತುಮಕೂರಿನ ಅಣ್ಣಾ, ನಿಮ್ಮ ಮಗಳು ದಿನವೂ ನೆನಪಾಗುತ್ತಾಳೆ. ಹುಟ್ಟುವ ಮಗುವಿಗೆ ಯಾವಾಗ ಟೆಸ್ಟ್ ಮಾಡಿಸಲಿ?

ಲ್ಯಾಬ್‌ನವನು: ಮಗುವಿಗೂ ಇದು ಬರುವ ಸಾಧ್ಯತೆ ಅರ್ಧಕ್ಕರ್ಧ. ಹುಟ್ಟಿದ ಕೂಡಲೇ ಮಾಡಿಸಿದರೆ ತಿಳಿಯುವುದಿಲ್ಲ, ಆಗ ಎಲ್ಲ ಮಕ್ಕಳಲ್ಲೂ ಎಫ್ ಜಾಸ್ತಿಯೇ. ಎರಡು ವರ್ಷ ತುಂಬಲಿ ಅಕ್ಕಾ.