ಲಿಟಲ್ ರಾಕ್ 1957ರ ಫೋಟೋವನ್ನು ತರಗತಿಯಲ್ಲಿ ಓದಿಸುವುದು ಹೇಗೆ?

ಕಡಿಯಾಳಿ_ಇತಿಹಾಸ:

ಉಡುಪಿಯ ನಮ್ಮ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷದವರಿಗೆ ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿಯ ಪಾಠ ಉಂಟು. ಒಂದು ಪೀರಿಯಡ್ಡನ್ನು ಪೂರ್ತಿ ಒಂದೇ ಫೋಟೋಗೆ ಕೊಡಬೇಕೆಂದಿದ್ದೇನೆ. 1957ರ ಸೆಪ್ಟೆಂಬರ್ 4ರಂದು ಅರ್ಕನ್ಸಾ ರಾಜ್ಯದ ಲಿಟಲ್ ರಾಕ್‌ನಲ್ಲಿ ವಿಲ್ ಕೌಂಟ್ಸ್ ತೆಗೆದದ್ದು. ಕಪ್ಪು ಕನ್ನಡಕ ಹಾಕಿ, ನೋಟ್‌ಬುಕ್ ಹಿಡಿದುಕೊಂಡು ಎಲಿಜಬೆತ್ ಎಕ್‌ಫೋರ್ಡ್ ನಡೆಯುತ್ತಿದ್ದಾಳೆ, ಬಿಳಿಯರ ಶಾಲೆಗೆ ಸೇರಬೇಕಿದ್ದ ಕಪ್ಪು ಹುಡುಗಿ. ಬೆನ್ನ ಹಿಂದೆ ಬಿಳಿ ಹುಡುಗಿ ಹೇಝಲ್ ಬ್ರಯಾನ್ ಬಾಯಿ ತೆರೆದು ಕಿರುಚುತ್ತಿದ್ದಾಳೆ.

ಒಂದು ಕಡೆ ಸೈನಿಕರು ಅವಳನ್ನು ಕಾಪಾಡುತ್ತಿದ್ದರು ಅಂತ ಬರೆದಿದ್ದಾರೆ, ಇನ್ನೊಂದು ಕಡೆ ತಡೆದರು ಅಂತ. ಯಾವುದು ಸರಿ? ‘ಪ್ರತಿಭಟನೆಯ ಚಿತ್ರ’ ಅಂತ ಶೀರ್ಷಿಕೆ ಕೊಡಬಹುದಾ? 40 ಮಕ್ಕಳು, 50 ನಿಮಿಷ. ಕ್ರಮವಾಗಿ ಎಂತ ಮಾಡಿಸುವುದು?

ಬಲ್ಮಠ_ಓದುಗ:

ಸೈನಿಕರ ವಿಷಯದಲ್ಲಿ ಎರಡೂ ನಿಜ, ಆದರೆ ಎರಡು ಬೇರೆ ಬೇರೆ ದಿನಗಳಿಗೆ. ಈ ಫೋಟೋದ ದಿನ ತಡೆದದ್ದೇ ನಿಜ.

1954ರ ಮೇ 17ರಂದು ಬ್ರೌನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬಣ್ಣದ ಆಧಾರದ ವಿಂಗಡಣೆ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಅದರಂತೆ 1957ರಲ್ಲಿ ಸೆಂಟ್ರಲ್ ಹೈಸ್ಕೂಲಿಗೆ 9 ಮಂದಿ ಕಪ್ಪು ವಿದ್ಯಾರ್ಥಿಗಳು ಸೇರುವವರಿದ್ದರು. ಸೆಪ್ಟೆಂಬರ್ 2ರಂದು ರಾಜ್ಯಪಾಲ ಆರ್ವಲ್ ಫಾಬಸ್ ರಾಜ್ಯದ ನ್ಯಾಷನಲ್ ಗಾರ್ಡ್ ಪಡೆಯನ್ನು ಶಾಲೆಯ ಸುತ್ತ ನಿಲ್ಲಿಸಿದ. (ಅಲ್ಲಿ ರಾಜ್ಯಪಾಲ ಅಂದರೆ ಚುನಾವಣೆಯಲ್ಲಿ ಗೆದ್ದು ಬಂದ ಆಡಳಿತಗಾರ, ನಮ್ಮ ಮುಖ್ಯಮಂತ್ರಿಯ ಹಾಗೆ. ಇದನ್ನು ಮೊದಲೇ ಹೇಳದಿದ್ದರೆ ಮಕ್ಕಳಿಗೆ ಇಡೀ ಜಗಳವೇ ಅರ್ಥವಾಗುವುದಿಲ್ಲ.) ಶಾಂತಿ ಕಾಪಾಡಲಿಕ್ಕೆ ಎಂಬುದು ಅವನು ಕೊಟ್ಟ ಕಾರಣ. ಸೆಪ್ಟೆಂಬರ್ 4ರಂದು ಆ ಪಡೆ ಬಿಳಿ ಮಕ್ಕಳನ್ನು ಒಳಗೆ ಬಿಟ್ಟು ಎಲಿಜಬೆತ್‌ಗೆ ದಾರಿ ಕಟ್ಟಿತು.

ಸೆಪ್ಟೆಂಬರ್ 23ಕ್ಕೆ ಒಂಬತ್ತೂ ಮಂದಿ ಪಕ್ಕದ ಬಾಗಿಲಿನಿಂದ ಒಳಹೊಕ್ಕರು. ಹೊರಗೆ ಗಲಾಟೆ ಜೋರಾದ್ದರಿಂದ ಅವತ್ತೇ ಹೊರಗೆ ತರಬೇಕಾಯಿತು. 24ರಂದು ಅಧ್ಯಕ್ಷ ಐಸೆನ್‌ಹೋವರ್ ನ್ಯಾಷನಲ್ ಗಾರ್ಡನ್ನು ಕೇಂದ್ರದ ಅಧೀನಕ್ಕೆ ತೆಗೆದುಕೊಂಡು, ಭೂಸೇನೆಯ 101ನೇ ಏರ್‌ಬೋರ್ನ್ (ಪ್ಯಾರಾಟ್ರೂಪರ್) ಡಿವಿಷನ್ನಿನ ಸೈನಿಕರನ್ನು ಕಳಿಸಿದ. 25ರಂದು ಮಕ್ಕಳನ್ನು ಕಾವಲಿನಲ್ಲಿ ಒಳಗೆ ಕರೆದೊಯ್ದದ್ದು ಇವರು. ಮೂರು ವಾರದ ಅಂತರದ ಎರಡು ಚಿತ್ರಗಳಲ್ಲೂ ಹೆಲ್ಮೆಟ್, ಬಂದೂಕು ಇರುವುದರಿಂದ ಅಂತರ್ಜಾಲದಲ್ಲಿ ಶೀರ್ಷಿಕೆಗಳು ಅದಲುಬದಲಾಗಿವೆ. ಹಾಗಾಗಿ ಸಮವಸ್ತ್ರ ನೋಡಿ ತೀರ್ಮಾನಿಸಬೇಡಿ, ತಾರೀಕು ನೋಡಿ.

ಇನ್ನೊಂದು ದೊಡ್ಡ ತಪ್ಪು ದಿಕ್ಕಿನದ್ದು. ‘ಶಾಲೆಗೆ ಹೋಗುತ್ತಿರುವ ಹುಡುಗಿ’ ಅಂತಲೇ ಎಲ್ಲರೂ ಬರೆಯುತ್ತಾರೆ. ಕ್ಯಾಮೆರಾ ಕ್ಲಿಕ್ ಆದಾಗ ಸೈನಿಕರು ಅವಳನ್ನು ಆಗಲೇ ತಡೆದಾಗಿತ್ತು, ಅವಳು ಬಸ್ ಸ್ಟಾಪಿನ ಕಡೆ ನಡೆಯುತ್ತಿದ್ದಳು. ಒಬ್ಬಳೇ ಯಾಕೆ ಎಂಬ ಪ್ರಶ್ನೆಗೂ ಉತ್ತರ ಚೌಕಟ್ಟಿನೊಳಗಿಲ್ಲ. ಎಲ್ಲರೂ ಒಟ್ಟಿಗೆ ಹೋಗುವುದೆಂದು ಹೋರಾಟದ ಮುಂದಾಳು ಡೇಸಿ ಬೇಟ್ಸ್ ಹಿಂದಿನ ರಾತ್ರಿ ಏರ್ಪಾಡು ಬದಲಿಸಿದ್ದರು. ಎಲಿಜಬೆತ್ ಮನೆಯಲ್ಲಿ ಫೋನ್ ಇರಲಿಲ್ಲ, ಸುದ್ದಿ ಮುಟ್ಟಲಿಲ್ಲ.

ಶೀರ್ಷಿಕೆಯ ಬಗ್ಗೆ ನನ್ನ ಅಭಿಪ್ರಾಯ ಖಚಿತ, ‘ಪ್ರತಿಭಟನೆ’ ಬೇಡ. 15 ವರ್ಷದ ಆ ಹುಡುಗಿ ಫಲಕ ಹಿಡಿದು ಬಂದವಳಲ್ಲ, ಕೋರ್ಟು ಒಪ್ಪಿದ ಪ್ರಕಾರ ತರಗತಿಗೆ ಬಂದವಳು. ಅಲ್ಲಿ ಪ್ರತಿಭಟಿಸುತ್ತಿದ್ದದ್ದು ಸುತ್ತ ನಿಂತ ಗುಂಪು.

ಕಲ್ಯಾಣಪುರ_ಟೀಚರ್:

ಕ್ರಮ ಹೇಳ್ತೇನೆ ಸರ್. ಐದೈದು ಮಂದಿಯ 8 ಗುಂಪು ಮಾಡಿ, ಗುಂಪಿಗೊಂದು ಎ3 ಅಳತೆಯ ಪ್ರಿಂಟ್ ಕೊಡಿ. ಪ್ರೊಜೆಕ್ಟರ್ ಮಾತ್ರ ನೆಚ್ಚಿದರೆ ಹಗಲು ಬೆಳಕಿಗೆ ಹಿಂದಿನ ಮುಖಗಳೆಲ್ಲ ಬೂದಿಯಾಗಿ ಕಾಣುತ್ತವೆ, ಓದಬೇಕಾದ್ದು ಆ ಮುಖಗಳನ್ನೇ.

ಶೀರ್ಷಿಕೆ, ಹೆಸರು, ವರ್ಷ ಯಾವುದೂ ಕೊಡದೆ ಮೊದಲ 3 ನಿಮಿಷ ಮಾತಿಲ್ಲದೆ ನೋಡಲಿ. ಮತ್ತೆ ಹಾಳೆಯಲ್ಲಿ ಮೂರು ಕಾಲಂ: ಕಂಡದ್ದು, ಊಹಿಸಿದ್ದು, ಕೇಳಬೇಕಾದ್ದು. ಇದಕ್ಕೆ 12 ನಿಮಿಷ. ಚಿತ್ರವನ್ನು ನಾಲ್ಕು ಭಾಗ ಮಾಡಿ, ಮೂರನ್ನು ರಟ್ಟಿನಿಂದ ಮುಚ್ಚಿ ಒಂದೊಂದೇ ನೋಡಿಸಿ. ಇಲ್ಲದಿದ್ದರೆ ಎಲ್ಲರ ಕಣ್ಣೂ ಕಿರುಚುವ ಬಾಯಿಯ ಮೇಲೇ ನಿಲ್ಲುತ್ತದೆ. ಸುತ್ತಲಿನವರಲ್ಲಿ ಹೆಂಗಸರು, ಹುಡುಗಿಯರು ಎಷ್ಟಿದ್ದಾರೆ, ಯಾರು ಎಲಿಜಬೆತ್‌ಳನ್ನು ನೋಡುತ್ತಿಲ್ಲ, ಉಡುಪು ಎಂಥದ್ದು, ಇದು ಯಾರಿಗೂ ಕಾಣುವುದೇ ಇಲ್ಲ.

ತಪ್ಪಾಗುವುದು ಮೊದಲ ಕಾಲಂನಲ್ಲಿ. ‘ಧೈರ್ಯವಾಗಿ ನಡೆಯುತ್ತಿದ್ದಾಳೆ’ ಅಂತ ‘ಕಂಡದ್ದು’ ಎಂಬಲ್ಲಿ ಬರೆಯುತ್ತಾರೆ. ಕಣ್ಣು ಕನ್ನಡಕದ ಹಿಂದಿದೆ, ಧೈರ್ಯ ಎಲ್ಲಿ ಕಂಡಿತು ಅಂತ ಕೇಳಿ ಎರಡನೇ ಕಾಲಂಗೆ ದಾಟಿಸಿ. ಆಮೇಲೆ ಎಲಿಜಬೆತ್ ಸ್ವತಃ ಹೇಳಿದ್ದನ್ನು ಓದಿ ಹೇಳಿ: ಮೊಣಕಾಲು ನಡುಗುತ್ತಿತ್ತು, ಗುಂಪಿನಲ್ಲಿ ಒಬ್ಬ ಮುದುಕಿಯ ಮುಖ ಕರುಣೆಯದ್ದೆಂದು ತೋರಿ ಮತ್ತೊಮ್ಮೆ ಆಸೆಯಿಂದ ನೋಡಿದಾಗ ಆಕೆ ಉಗಿದಳು, ‘ಈ ಮರದ ಬಳಿಗೆ ಎಳೆದು ತನ್ನಿ’ ಎಂಬ ಕೂಗು (ನೇಣು ಹಾಕುವ ಬೆದರಿಕೆ) ಕೇಳಿಸಿತು. ಈ ಮಾತು ಕೇಳಿದ ಮೇಲೆ ಅದೇ ಫೋಟೋವನ್ನು ಮಕ್ಕಳು ಬೇರೆಯೇ ಕಣ್ಣಿನಿಂದ ನೋಡ್ತಾರೆ.

15ನೇ ನಿಮಿಷಕ್ಕೆ ತಾರೀಕು ಮತ್ತು ಊರು ಕೊಡಿ, 25ಕ್ಕೆ ಮೇಲಿನವರು ಕೊಟ್ಟ ಘಟನೆಗಳ ಪಟ್ಟಿ. ಉಳಿದದ್ದು ಹಾಳೆ ತಿದ್ದಲಿಕ್ಕೆ, ಚರ್ಚೆಗೆ.

ಒಂದು ವಿನಂತಿ. 1997ರಲ್ಲಿ ಇದೇ ಕೌಂಟ್ಸ್ ಅದೇ ಶಾಲೆಯ ಎದುರು ಎಲಿಜಬೆತ್, ಹೇಝಲ್ ಇಬ್ಬರನ್ನೂ ಜೊತೆಗೆ ನಿಲ್ಲಿಸಿ ತೆಗೆದ ಚಿತ್ರವುಂಟು, ಅದರಿಂದ ತರಗತಿ ಮುಗಿಸಬೇಡಿ. ಹೇಝಲ್ 1963ರಲ್ಲೇ ಫೋನ್ ಮಾಡಿ ಕ್ಷಮೆ ಕೇಳಿದ್ದು ನಿಜ, 1997ರ ನಂತರ ಇಬ್ಬರೂ ಆತ್ಮೀಯರಾದದ್ದೂ ನಿಜ. ಆದರೆ ಆ ಸ್ನೇಹ ಮುಂದೆ ಮುರಿಯಿತು. 1958-59ರಲ್ಲಂತೂ ಕಪ್ಪು ಮಕ್ಕಳನ್ನು ಸೇರಿಸುವ ಬದಲು ಊರಿನ ಹೈಸ್ಕೂಲುಗಳನ್ನೇ ಇಡೀ ವರ್ಷ ಮುಚ್ಚಿದರು. ಎಲ್ಲ ಸರಿಹೋಯಿತು ಎಂಬ ಭಾವನೆ ಬಿಟ್ಟುಹೋದರೆ ಮಕ್ಕಳಿಗೆ ಸುಳ್ಳು ಹೇಳಿದ ಹಾಗೆ.

ಕಡಿಯಾಳಿ_ಇತಿಹಾಸ:

ತುಂಬ ಉಪಕಾರವಾಯ್ತು ಮೇಡಂ, ಸರ್. ನನ್ನಲ್ಲಿರುವುದು ಬಣ್ಣ ತುಂಬಿದ ಪ್ರತಿ, ಎರಡೇ ಮುಖ ಕಾಣುವ ಹಾಗೆ ಕತ್ತರಿಸಿದ್ದು. ಅದು ಸಾಕಾ? ಇನ್ನು, ‘ನಮ್ಮ ಊರಿನದ್ದಕ್ಕೆ ಹೋಲಿಸಿ’ ಅಂತ ಮಕ್ಕಳು ಕೇಳಿದರೆ?

ಹಂಪನಕಟ್ಟೆ_ಡಾರ್ಕ್‌ರೂಮ್:

ಸಾಲದು. ಮೂಲ ಕಪ್ಪು-ಬಿಳುಪು. ಬಣ್ಣವನ್ನು ಈಗ ಯಂತ್ರ ಊಹಿಸಿ ತುಂಬಿದ್ದು, ಹಾಗಾಗಿ ಉಡುಪಿನ ಬಣ್ಣ, ಚರ್ಮದ ಛಾಯೆ ಯಾವುದೂ ಸಾಕ್ಷಿಯಲ್ಲ. ಚರ್ಮದ ಬಣ್ಣವೇ ವಿಷಯವಾಗಿರುವ ಫೋಟೋದಲ್ಲಿ ಅದನ್ನು ಸಾಫ್ಟ್‌ವೇರಿಗೆ ಬಿಡುವುದು ಸರಿಯಲ್ಲ. ಕತ್ತರಿಸಿದ ಪ್ರತಿಯಲ್ಲಿ ಇದು ಇಬ್ಬರು ಹುಡುಗಿಯರ ಜಗಳವಾಗಿಬಿಡುತ್ತದೆ, ಗುಂಪು ಮಾಯವಾಗುತ್ತದೆ.

ತೆಗೆದವರ ಬಗ್ಗೆಯೂ ಹೇಳಿ. ಕೌಂಟ್ಸ್ ‘ಅರ್ಕನ್ಸಾ ಡೆಮಾಕ್ರಾಟ್’ ಪತ್ರಿಕೆಯವರು, ಅದೇ ಶಾಲೆಯಲ್ಲಿ ಓದಿದವರು. ಬಳಸಿದ್ದು 35 ಎಂಎಂ ಕ್ಯಾಮೆರಾ. ಆ ಕಾಲದ ಬಹಳಷ್ಟು ಪತ್ರಿಕಾ ಛಾಯಾಗ್ರಾಹಕರು ದೊಡ್ಡ ಶೀಟ್ ಫಿಲ್ಮ್ ಕ್ಯಾಮೆರಾ ಹೊರುತ್ತಿದ್ದರು, ಅದರಲ್ಲಿ ಪ್ರತಿ ಹೊಡೆತಕ್ಕೂ ಫಿಲ್ಮ್ ಬದಲಿಸಬೇಕು. 35 ಎಂಎಂ ರೋಲಿನಲ್ಲಿ 36 ಫ್ರೇಮು. ಆದ್ದರಿಂದಲೇ ಅವರು ಎಲಿಜಬೆತ್ ಎದುರು ಹಿಂದೆ ಹಿಂದೆ ನಡೆಯುತ್ತಾ ಸಾಲಾಗಿ ತೆಗೆಯಲಿಕ್ಕಾಯಿತು. ಅವತ್ತಿನ ಬೇರೆ ಚಿತ್ರಗಳನ್ನೂ ಪಕ್ಕದಲ್ಲಿಡಿ. ಬಸ್ ಸ್ಟಾಪಿನ ಬೆಂಚಿನ ಮೇಲೆ ಅವಳು ಕುಳಿತ ಚಿತ್ರ ಖಂಡಿತ ಇರಲಿ.

ಪ್ರಿಂಟಿಗೆ: ಎ3 ಹಾಳೆ ಸುಮಾರು 16.5 ಇಂಚು ಉದ್ದ. 150 ಡಿಪಿಐಗೆ (ಇಂಚಿಗೆ 150 ಚುಕ್ಕಿ) ಉದ್ದದ ಬದಿಯಲ್ಲಿ ಸುಮಾರು 2,500 ಪಿಕ್ಸೆಲ್ ಬೇಕು. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ತರಗತಿಯ ಬಳಕೆಗೆ ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 52ರಲ್ಲಿ ಅವಕಾಶ ಉಂಟು. ಕಾಲೇಜು ಮ್ಯಾಗಜೀನಿನಲ್ಲಿ ಅಚ್ಚು ಹಾಕುವುದು ಬೇರೆ ವಿಷಯ, ಅದಕ್ಕೆ ಅನುಮತಿ ಬೇಕು.

ಎರಡನೇ ಚಿತ್ರ ಬೇಕಿದ್ದರೆ ಜಾನ್ ಬ್ಲೆಡ್ಸೋ 1959ರ ಆಗಸ್ಟ್ 20ರಂದು ಲಿಟಲ್ ರಾಕ್‌ನ ಶಾಸನ ಭವನದ ಎದುರು ತೆಗೆದದ್ದನ್ನು ತೋರಿಸಿ. ಲೈಬ್ರರಿ ಆಫ್ ಕಾಂಗ್ರೆಸ್ ಜಾಲತಾಣದಲ್ಲಿ ದೊಡ್ಡ ಫೈಲು ಸಿಗುತ್ತದೆ. ಅಮೆರಿಕದ ಬಾವುಟ, ಕೈಯಲ್ಲಿ ಫಲಕ ನೋಡಿದ ಕೂಡಲೇ ಮಕ್ಕಳು ‘ಹಕ್ಕಿಗಾಗಿ ಹೋರಾಡುವವರು’ ಅನ್ನುತ್ತಾರೆ. ಫಲಕ ಓದಿಸಿ. ಜನಾಂಗ ಬೆರೆಸುವುದು ಕಮ್ಯುನಿಸಂ ಅಂತ ಅದರಲ್ಲಿದೆ.

ಬಲ್ಮಠ_ಓದುಗ:

ಹೋಲಿಕೆಗೆ ಮಂಗಳೂರಿನ ಕುದ್ಮುಲ್ ರಂಗರಾಯರನ್ನು ತನ್ನಿ. 1890ರ ದಶಕದಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದು ಸ್ವಂತ ಜಾತಿಯವರಿಂದ ಬಹಿಷ್ಕಾರ ಅನುಭವಿಸಿದವರು. ಇವತ್ತು ಪುರಭವನಕ್ಕೆ ಅವರದೇ ಹೆಸರು. ಆದರೆ ‘ಎರಡೂ ಒಂದೇ’ ಅಂತ ಬರೆಸಬೇಡಿ. ಅಮೆರಿಕದಲ್ಲಿ ಪ್ರತ್ಯೇಕ ಶಾಲೆ ಕಾನೂನಿನಲ್ಲೇ ಇತ್ತು, ಅಲ್ಲಿನ ಸುಪ್ರೀಂ ಕೋರ್ಟಿನ 1896ರ ಪ್ಲೆಸ್ಸಿ ತೀರ್ಪು (ಬೇರೆ ಇಟ್ಟರೂ ಸಮಾನವಾಗಿದ್ದರೆ ಸಾಕು ಎಂದದ್ದು) ಅದಕ್ಕೆ ಮುದ್ರೆ ಒತ್ತಿತ್ತು. ಇಲ್ಲಿ ಮಕ್ಕಳನ್ನು ಹೊರಗಿಟ್ಟದ್ದು ಹೆಚ್ಚಾಗಿ ಊರಿನ ಕಟ್ಟುಪಾಡು, ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನದ 17ನೇ ವಿಧಿ ಬಂದ ಮೇಲೂ ಅದು ಒಮ್ಮೆಗೇ ನಿಲ್ಲಲಿಲ್ಲ. ಮಕ್ಕಳಿಗೆ ಎರಡು ಪ್ರಶ್ನೆ ಕೊಡಿ: ಬಾಗಿಲು ಮುಚ್ಚಿದವರು ಯಾರು, ಯಾವ ಅಧಿಕಾರದಿಂದ? ಆ ಹೊತ್ತಿಗೆ ಅಲ್ಲಿ ಕ್ಯಾಮೆರಾ ಇತ್ತೇ, ಇಲ್ಲದಿದ್ದರೆ ನಮಗೆ ಅದು ಯಾರ ಮಾತಿನಿಂದ ಗೊತ್ತಾಗಿದೆ? ಎರಡನೆಯದಕ್ಕೆ ಉತ್ತರ ಹುಡುಕಲು ಒಂದು ವಾರ ಬಿಡಿ, 50 ನಿಮಿಷದಲ್ಲಿ ಆಗುವ ಕೆಲಸ ಅಲ್ಲ.